ಕೋಚ್ ಮಗನಿಗೆ ಬುದ್ಧಿ ಹೇಳುವವರು

2021ರ ಮೇ ತಿಂಗಳಲ್ಲಿ ವಿಸ್ಕಾನ್ಸಿನ್ ರಾಜ್ಯದ ಪ್ಯಾಟ್ರಿಕ್ ಬಾಲ್ಡ್ವಿನ್ ಜೂನಿಯರ್ ಎಂಬ ಹುಡುಗ ಡ್ಯೂಕ್ ವಿಶ್ವವಿದ್ಯಾಲಯಕ್ಕೆ ಬರುವುದಿಲ್ಲ ಎಂದ. ಆ ವರ್ಷ ಹೈಸ್ಕೂಲ್ ಮುಗಿಸುತ್ತಿದ್ದ ಅಮೆರಿಕದ ಬ್ಯಾಸ್ಕೆಟ್‌ಬಾಲ್ ಹುಡುಗರಲ್ಲಿ ಅವನ ಹೆಸರು ಮೊದಲ ಹತ್ತರೊಳಗಿತ್ತು. ಡ್ಯೂಕ್ ಎಂದರೆ ಐದು ಸಲ ರಾಷ್ಟ್ರೀಯ ಚಾಂಪಿಯನ್ ಆದ ತಂಡ. ಅಂಥ ಕಡೆಯಿಂದ ಕರೆ ಬಂದರೆ ಯೋಚಿಸುವುದು ಏನಿದೆ ಎನ್ನುವುದು ಅಲ್ಲಿನ ಸಾಮಾನ್ಯ ತಿಳಿವಳಿಕೆ. ಬಾಲ್ಡ್ವಿನ್ ಆರಿಸಿಕೊಂಡದ್ದು ಮಿಲ್ವಾಕಿ ನಗರದಲ್ಲಿರುವ ವಿಸ್ಕಾನ್ಸಿನ್ ವಿಶ್ವವಿದ್ಯಾಲಯವನ್ನು. ಅಲ್ಲಿನ ಕೋಚ್ ಪ್ಯಾಟ್ ಬಾಲ್ಡ್ವಿನ್, ಹುಡುಗನ ಅಪ್ಪ.

ಆಮೇಲೆ ಆದದ್ದನ್ನು ಹೇಳುವಾಗ ಅಲ್ಲಿನ ಕ್ರೀಡಾ ಪಂಡಿತರ ದನಿಯಲ್ಲಿ ಒಳಗೊಳಗೇ ಒಂದು ಖುಷಿ ಕೇಳಿಸುತ್ತದೆ. ಹೈಸ್ಕೂಲಿನಲ್ಲೇ ಪೆಟ್ಟಾಗಿದ್ದ ಹುಡುಗನ ಕಾಲು ಕಾಲೇಜಿನಲ್ಲೂ ಕಾಡಿತು. ಅವನು ಆಡಿದ್ದು 11 ಪಂದ್ಯ. ತಂಡ ಗೆದ್ದದ್ದು 10, ಸೋತದ್ದು 22. 2022ರ ಮಾರ್ಚ್‌ನಲ್ಲಿ ಅಪ್ಪನ ಕೆಲಸ ಹೋಯಿತು. ಅದೇ ಸೀಸನ್‌ನಲ್ಲಿ ಡ್ಯೂಕ್ ರಾಷ್ಟ್ರೀಯ ಟೂರ್ನಿಯ ಕೊನೆಯ ನಾಲ್ಕು ತಂಡಗಳಲ್ಲಿ ಒಂದಾಯಿತು. ವೃತ್ತಿಪರ ತಂಡಗಳು ಹೊಸಬರನ್ನು ಆರಿಸಿಕೊಳ್ಳುವ ಎನ್‌ಬಿಎ ಡ್ರಾಫ್ಟ್‌ನ ಮೊದಲ ಹದಿನಾಲ್ಕರೊಳಗೆ ಹೋಗುತ್ತಾನೆಂದು ಎಣಿಸಿದ್ದ ಹುಡುಗ 28ನೆಯವನಾಗಿ ಗೋಲ್ಡನ್ ಸ್ಟೇಟ್ ವಾರಿಯರ್ಸ್ ಪಾಲಾದ. ನಾವು ಆಗಲೇ ಹೇಳಿರಲಿಲ್ಲವೇ ಎಂದರು ಹೇಳಿದವರು, ಹೇಳದವರೂ.

ಕೋಚ್ ಮಗನಿಗೆ ಅಮೆರಿಕದಲ್ಲಿ ಎರಡು ಬಗೆಯ ಜನ ಬುದ್ಧಿ ಹೇಳುತ್ತಾರೆ. ಮೊದಲನೆಯವರು ಒರಟರು. ಅಪ್ಪನ ತಂಡಕ್ಕೆ ಮಗ ಬಂದನೆಂದರೆ ಅವರಿಗೆ ಅದು ಸ್ವಜನಪಕ್ಷಪಾತ; ಗ್ಯಾಲರಿಯ ಮಾತಿನಲ್ಲಿ 'ಡ್ಯಾಡಿ ಬಾಲ್'. ಹೆತ್ತವರಿಗೆ ಹೆಗ್ಗಣ ಮುದ್ದು ಎಂಬಲ್ಲಿಗೆ ಅವರ ತರ್ಕ ಮುಗಿಯುತ್ತದೆ. ಎರಡನೆಯವರು ಹಿತೈಷಿಗಳು. ನೀನು ಒಳ್ಳೆಯ ಆಟಗಾರನಪ್ಪಾ, ಅದಕ್ಕೇ ಹೇಳುತ್ತಿದ್ದೇವೆ, ಅಪ್ಪನ ನೆರಳಿನಿಂದಾಚೆ ಹೋಗು, ಹೊರಗೆ ನಿನ್ನನ್ನು ಸಾಬೀತುಪಡಿಸಿಕೋ ಎನ್ನುತ್ತಾರೆ. ಈ ಎರಡನೆಯ ಮಾತು ಎಷ್ಟು ಸಭ್ಯವಾಗಿದೆಯೆಂದರೆ ಅದನ್ನು ಯಾರೂ ಪ್ರಶ್ನಿಸುವುದೇ ಇಲ್ಲ. ಹಲವು ಕೋಚ್‌ಗಳೂ ಮನೆಯಲ್ಲಿ ಇದನ್ನೇ ಹೇಳುತ್ತಾರೆ. ನನ್ನ ತಕರಾರು ಹೆಚ್ಚಾಗಿ ಇವರೊಂದಿಗೇ. ಒರಟರು ಹುಡುಗನನ್ನು ಅಪರಾಧಿ ಎನ್ನುತ್ತಾರೆ, ಇವರು ನಿರಪರಾಧಿಯೆಂಬುದಕ್ಕೆ ಪುರಾವೆ ತಾ ಎನ್ನುತ್ತಾರೆ. ಹದಿನೆಂಟರ ಹುಡುಗ ತನ್ನ ನಾಲ್ಕು ವರ್ಷಗಳನ್ನು ಇತರರ ಅನುಮಾನ ತೀರಿಸುವುದಕ್ಕೆ ಖರ್ಚು ಮಾಡಬೇಕೆಂಬ ಲೆಕ್ಕ ಇಬ್ಬರದೂ ಒಂದೇ.

ಅದಿರಲಿ, ಈ 'ಹೊರಗೆ' ಎಂದರೆ ಎಲ್ಲಿ?

ಡಗ್ ಮೆಕ್‌ಡರ್ಮಟ್‌ನದು ಹಿತೈಷಿಗಳ ಸಲಹೆಯಂತೆಯೇ ಶುರುವಾದ ಕಥೆ. ಅವನ ಅಪ್ಪ ಗ್ರೆಗ್ ಮೆಕ್‌ಡರ್ಮಟ್ ಅಯೋವಾ ಸ್ಟೇಟ್ ತಂಡದ ಕೋಚ್ ಆಗಿದ್ದರು. ಅದೇ ಊರಿನ ಏಮ್ಸ್ ಹೈಸ್ಕೂಲಿನಲ್ಲಿ ಮಗ ಆಡುತ್ತಿದ್ದ, ಆದರೆ ಆ ಶಾಲಾ ತಂಡದ ತಾರೆ ಅವನಲ್ಲ, ಹ್ಯಾರಿಸನ್ ಬಾರ್ನ್ಸ್. ಮಗ ತನ್ನ ಮಟ್ಟದ ತಂಡಕ್ಕೆ ಸಾಲುವುದಿಲ್ಲವೆಂದು ಗ್ರೆಗ್ ಎಣಿಸಿದರು, ಕರೆಯಲಿಲ್ಲ. ಹುಡುಗ ನಾರ್ದರ್ನ್ ಅಯೋವಾಕ್ಕೆ ಸಹಿ ಹಾಕಿದ. ಹೊರಗೆ ಹೋದಂತಾಯಿತಲ್ಲ? ನಾರ್ದರ್ನ್ ಅಯೋವಾದ ಕೋಚ್ ಬೆನ್ ಜೇಕಬ್ಸನ್ ಹಿಂದೆ ಅದೇ ಗ್ರೆಗ್ ಕೈಕೆಳಗೆ ಅಸಿಸ್ಟೆಂಟ್ ಆಗಿದ್ದವರು. ಗ್ರೆಗ್ ಬಿಟ್ಟುಹೋದ ಕುರ್ಚಿಯಲ್ಲೇ ಕೂತವರು. ಅಮೆರಿಕದ ಕಾಲೇಜು ಬ್ಯಾಸ್ಕೆಟ್‌ಬಾಲ್ ಕೋಚ್‌ಗಳ ಲೋಕ ಒಂದು ದೊಡ್ಡ ಅವಿಭಕ್ತ ಕುಟುಂಬ. ಒಬ್ಬರ ಬಳಿ ಅಸಿಸ್ಟೆಂಟ್ ಆಗಿದ್ದವರು ಇನ್ನೊಂದು ಕಡೆ ಮುಖ್ಯಸ್ಥರಾಗುತ್ತಾರೆ, ಅವರ ಮಕ್ಕಳು ಇವರ ಬಳಿ, ಇವರ ಮಕ್ಕಳು ಅವರ ಬಳಿ. ಅಪ್ಪನ ತಂಡ ಬಿಟ್ಟು ಅಪ್ಪನ ಗೆಳೆಯನ ತಂಡಕ್ಕೆ ಹೋದರೆ ಸ್ವಾವಲಂಬನೆ, ಅಪ್ಪನ ಬಳಿಯೇ ಉಳಿದರೆ ಪಕ್ಷಪಾತ ಎನ್ನುವುದಾದರೆ ಇಲ್ಲಿ ಆಕ್ಷೇಪ ಸಂಬಂಧದ ಮೇಲೋ, ಅದು ಕಣ್ಣಿಗೆ ಕಾಣುವುದರ ಮೇಲೋ?

ಮೆಕ್‌ಡರ್ಮಟ್ ಕಥೆ ಮುಂದುವರಿಯಿತು. 2010ರಲ್ಲಿ ಅಪ್ಪ ಒಮಾಹಾದ ಕ್ರೇಟನ್ ವಿಶ್ವವಿದ್ಯಾಲಯಕ್ಕೆ ಹೋದರು. ಮಗ ಹಳೆಯ ಒಪ್ಪಂದದಿಂದ ಬಿಡಿಸಿಕೊಂಡು ಹಿಂದೆಯೇ ಹೋದ. ನಾಲ್ಕು ವರ್ಷದಲ್ಲಿ 3,150 ಅಂಕ ಗಳಿಸಿದ. 2014ರಲ್ಲಿ ದೇಶದ ಶ್ರೇಷ್ಠ ಕಾಲೇಜು ಆಟಗಾರನೆನಿಸಿಕೊಂಡ. ಇದಕ್ಕಿಂತ ನನಗೆ ಮುಖ್ಯವಾಗಿ ಕಾಣುವುದು ಕೊನೆಯ ವರ್ಷದ ಒಂದು ಸಂಗತಿ. ಪುರುಷರ ತಂಡವೊಂದಕ್ಕೆ ಆಗ ಇದ್ದದ್ದು ಹದಿಮೂರೇ ಸ್ಕಾಲರ್‌ಶಿಪ್. ಗಾಯಗೊಂಡು ಸೀಸನ್ ಕಳೆದುಕೊಂಡಿದ್ದ ಸಹ ಆಟಗಾರ ಗ್ರಾಂಟ್ ಗಿಬ್ಸ್‌ಗೆ ಕಾಲೇಜು ಕ್ರೀಡೆಗಳ ಆಡಳಿತ ಸಂಸ್ಥೆ ಎನ್‌ಸಿಎಎ ಅನಿರೀಕ್ಷಿತವಾಗಿ ಆಡಲು ಆರನೆಯ ವರ್ಷ ಕೊಟ್ಟಿತು, ಅವನಿಗೆ ಕೊಡಲು ಸ್ಕಾಲರ್‌ಶಿಪ್ ಉಳಿದಿರಲಿಲ್ಲ. ದೇಶದ ಶ್ರೇಷ್ಠ ಆಟಗಾರ ತನ್ನದನ್ನು ಬಿಟ್ಟುಕೊಟ್ಟು ವಾಕ್-ಆನ್ ಆದ, ಎಂದರೆ ಕೈಯಿಂದ ಫೀಸು ಕಟ್ಟಿ ಆಡುವವನು. ಫೀಸು ಕಟ್ಟಬೇಕಾದದ್ದು ಕೋಚ್ ಅಪ್ಪ. ಕೋಚ್ ಮಗ ಇನ್ನೊಬ್ಬರ ಜಾಗ ಕಿತ್ತುಕೊಳ್ಳುತ್ತಾನೆ ಎನ್ನುವವರಿಗೆ ಈ ಲೆಕ್ಕ ಗೊತ್ತಿಲ್ಲದ್ದೇನಲ್ಲ. ಅವರು ಇದನ್ನು ಅಪವಾದ ಎನ್ನುತ್ತಾರೆ.

ಹಾಗಾದರೆ ಅಪವಾದಗಳನ್ನೇ ಎಣಿಸೋಣ. ಎನ್‌ಸಿಎಎ ಮೊದಲ ದರ್ಜೆಯ ಪುರುಷರ ಬ್ಯಾಸ್ಕೆಟ್‌ಬಾಲ್‌ನಲ್ಲಿ ಅತಿ ಹೆಚ್ಚು ಅಂಕ ಗಳಿಸಿದವನು ಪೀಟ್ ಮರಾವಿಚ್. ಲೂಸಿಯಾನಾ ಸ್ಟೇಟ್ ಪರವಾಗಿ ಮೂರೇ ಸೀಸನ್, 83 ಪಂದ್ಯ, 3,667 ಅಂಕ; ಅದೂ ಮೂರು ಅಂಕದ ಗೆರೆಯೇ ಇಲ್ಲದ ಕಾಲದಲ್ಲಿ. ಅವನ ಕೋಚ್ ಅಪ್ಪ ಪ್ರೆಸ್ ಮರಾವಿಚ್. ಆ ದಾಖಲೆಗೆ ಅತಿ ಹತ್ತಿರ ಬಂದವನು ಡೆಟ್ರಾಯಿಟ್ ಮರ್ಸಿಯ ಆಂಟೊಯಿನ್ ಡೇವಿಸ್. 2023ರಲ್ಲಿ 3,664ಕ್ಕೆ ನಿಂತ, ಮೂರು ಅಂಕ ಕಡಿಮೆ. ಅವನು ತೆಗೆದುಕೊಂಡದ್ದು 144 ಪಂದ್ಯ ಎನ್ನುವುದೂ ನಿಜವೇ. ಅವನ ಕೋಚ್ ಅಪ್ಪ ಮೈಕ್ ಡೇವಿಸ್. ಮೊದಲ ಇಬ್ಬರೂ ಅಪ್ಪಂದಿರ ತಂಡದಲ್ಲಿ ಆಡಿದವರು! ಟೆನೆಸ್ಸಿ ವಿಶ್ವವಿದ್ಯಾಲಯದ ಪುರುಷರಲ್ಲಿ ಅತಿ ಹೆಚ್ಚು, 2,801 ಅಂಕ ಗಳಿಸಿದ ಅಲನ್ ಹ್ಯೂಸ್ಟನ್ ಮೊದಲು ಸಹಿ ಹಾಕಿದ್ದು ಲೂಯಿವಿಲ್‌ಗೆ. 1989ರಲ್ಲಿ ಅಪ್ಪ ವೇಡ್ ಹ್ಯೂಸ್ಟನ್ ಟೆನೆಸ್ಸಿಗೆ ಕೋಚ್ ಆಗಿ ಹೊರಟಾಗ ಜೊತೆಗೆ ಹೊರಟ. ಆ ವಲಯದ ಕಾಲೇಜುಗಳ ಕೂಟವಾದ ಸೌತ್‌ಈಸ್ಟರ್ನ್ ಕಾನ್ಫರೆನ್ಸ್‌ನಲ್ಲಿ ಪುರುಷರ ಬ್ಯಾಸ್ಕೆಟ್‌ಬಾಲ್ ತಂಡಕ್ಕೆ ಮುಖ್ಯ ಕೋಚ್ ಆದ ಮೊದಲ ಕಪ್ಪು ವ್ಯಕ್ತಿ ವೇಡ್. ಅಂಥ ಅಪ್ಪನ ಪಕ್ಕ ಮಗ ನಿಲ್ಲುವುದಕ್ಕೆ ಅಂಕಪಟ್ಟಿಯಲ್ಲಿ ಬರೆಯಲಾಗದ ಕಾರಣಗಳೂ ಇದ್ದಿರಬಹುದು ಎಂದು ಪಂಡಿತರಿಗೆ ಹೊಳೆಯುವುದಿಲ್ಲ.

ಮೈಕ್ ಡೇವಿಸ್ ವಿಷಯಕ್ಕೆ ಇನ್ನೊಂದು ಅಡಿಟಿಪ್ಪಣಿ ಬೇಕು. ಮಗ ಆಟ ಮುಗಿಸಿ ಹೋದ ಮರುವರ್ಷ ಅವರ ತಂಡ ಒಂದು ಪಂದ್ಯ ಗೆದ್ದು 31 ಸೋತಿತು, ಅವರ ಕೆಲಸ ಹೋಯಿತು. ಅಪ್ಪನ ಹೆಗಲ ಮೇಲೆ ಮಗ ಕೂತಿದ್ದಾನೆಂದು ಊರೆಲ್ಲ ಆಡಿಕೊಳ್ಳುತ್ತಿರುವಾಗ ಹೊತ್ತುಕೊಂಡಿದ್ದವರು ಯಾರು ಯಾರನ್ನು?

ಮರಾವಿಚ್‌ನಂಥ ಪ್ರತಿಭೆಗಳ ಮಾತು ಬಿಡಿ, ಸಾಧಾರಣ ಆಟಗಾರನಾದ ಕೋಚ್ ಮಗನ ಗತಿಯೇನು ಎಂದು ಕೇಳುತ್ತಾರೆ. ಸಾಧಾರಣನಾದರೆ ಯಾರೂ ಏನೂ ಅನ್ನುವುದಿಲ್ಲ ಎಂಬುದೇ ತಮಾಷೆ. ಮಿಷಿಗನ್ ಸ್ಟೇಟ್‌ನ ಟಾಮ್ ಇಝೋ ಮಗ ಸ್ಟೀವನ್, ಕ್ಯಾನ್ಸಸ್‌ನ ಬಿಲ್ ಸೆಲ್ಫ್ ಮಗ ಟೈಲರ್, ಇವರೆಲ್ಲ ಅಪ್ಪಂದಿರ ತಂಡದಲ್ಲಿ ವಾಕ್-ಆನ್ ಆಗಿ ಬೆಂಚಿನ ತುದಿಯಲ್ಲಿ ಕೂತವರು. ಗೆಲುವು ಖಚಿತವಾದ ಕೊನೆಯ ನಿಮಿಷಗಳಲ್ಲಿ ಅವರು ಅಂಗಳಕ್ಕಿಳಿದರೆ ಇಡೀ ಸಭಾಂಗಣ ಎದ್ದು ಕುಣಿಯುತ್ತಿತ್ತು. ಆಗ ಬೇಯ್ಲರ್ ಮಹಿಳಾ ತಂಡದ ಕೋಚ್ ಆಗಿದ್ದ ಕಿಮ್ ಮಲ್ಕಿ ಮಗಳು ಮಕೆಂಝಿ ಅಮ್ಮನ ತಂಡದಲ್ಲಿದ್ದಳು. 2012ರಲ್ಲಿ ಆ ತಂಡ ನಲವತ್ತಕ್ಕೆ ನಲವತ್ತೂ ಗೆದ್ದಿತು. ಅಮ್ಮ ಮಗಳ ಮೇಲೆ ಆಗಲೂ ಯಾರೂ ಹರಿಹಾಯಲಿಲ್ಲ. ಮಗು ಬೆಂಚಿನಲ್ಲಿರುವ ತನಕ ಮುದ್ದು. ಆಡಿ ಗೆದ್ದರೆ ದಂತಕಥೆ. 1998ರಲ್ಲಿ ಇಂಡಿಯಾನಾದ ವಾಲ್ಪರೈಸೊ ಎಂಬ ಸಣ್ಣ ಕಾಲೇಜಿನ ಬ್ರೈಸ್ ಡ್ರೂ ಕೊನೆಯ ಕ್ಷಣದಲ್ಲಿ ಎಸೆದ ಮೂರು ಅಂಕದ ಚೆಂಡು ಮಿಸ್ಸಿಸಿಪಿಯನ್ನು 70-69ರಿಂದ ಉರುಳಿಸಿತು. ಕೋಚ್ ಹೋಮರ್ ಡ್ರೂ ಅವನ ಅಪ್ಪ. ಬ್ರೈಸ್ 1994ರಲ್ಲಿ ಇಡೀ ಇಂಡಿಯಾನಾ ರಾಜ್ಯದ ಶ್ರೇಷ್ಠ ಹೈಸ್ಕೂಲ್ ಆಟಗಾರನಾಗಿದ್ದೂ ಆ ಸಣ್ಣ ಕಾಲೇಜನ್ನು ಆರಿಸಿಕೊಂಡಿದ್ದವ. ಆ ದೃಶ್ಯವನ್ನು ಟಿವಿಯವರು ಪ್ರತಿ ಮಾರ್ಚ್‌ನಲ್ಲೂ ತೋರಿಸುತ್ತಾರೆ. 2015ರಲ್ಲಿ ಜಾರ್ಜಿಯಾ ಸ್ಟೇಟ್‌ನ ಆರ್.ಜೆ. ಹಂಟರ್ ಬೇಯ್ಲರ್ ವಿರುದ್ಧ ಅಂಥದೇ ಚೆಂಡು ಹಾಕಿದಾಗ, ಕಾಲಿಗೆ ಪಟ್ಟಿ ಕಟ್ಟಿಕೊಂಡು ಸ್ಟೂಲ್ ಮೇಲಿದ್ದ ಕೋಚ್ ಅಪ್ಪ ರಾನ್ ಹಂಟರ್ ಉರುಳಿ ಬಿದ್ದದ್ದನ್ನೂ ತೋರಿಸುತ್ತಾರೆ. ಅಪ್ಪ ಮಗನ ಪ್ರೀತಿ ನೋಡಿ ಕಣ್ಣೊರೆಸಿಕೊಳ್ಳುವವರೇ ಮುಂದಿನ ವಾರ ಇನ್ನೊಬ್ಬ ಕೋಚ್ ಮಗ ಚೆಂಡು ತಪ್ಪಿಸಿದರೆ 'ಡ್ಯಾಡಿ ಬಾಲ್' ಎಂದು ಕೂಗುತ್ತಾರೆ. ಗೆದ್ದೆತ್ತಿನ ಬಾಲ ಹಿಡಿಯುವುದು ಅಭಿಮಾನಿಗಳ ಹಕ್ಕು, ಇರಲಿ. ಅದನ್ನು ನೀತಿ ಎಂದು ಕರೆಯಬಾರದು.

ಸಿರಕ್ಯೂಸ್‌ನಲ್ಲಿ ಒಂದೇ ವರ್ಷದ ಅಂತರದಲ್ಲಿ ಈ ನೀತಿ ಮಗುಚಿತು. 2021ರ ಮಾರ್ಚ್‌ನಲ್ಲಿ ಕೋಚ್ ಜಿಮ್ ಬೇಹೈಮ್ ಮಗ ಬಡ್ಡಿ ಸ್ಯಾನ್ ಡಿಯೇಗೊ ಸ್ಟೇಟ್ ವಿರುದ್ಧ 30, ವೆಸ್ಟ್ ವರ್ಜೀನಿಯಾ ವಿರುದ್ಧ 25 ಅಂಕ ಹೊಡೆದು ತಂಡವನ್ನು ಕೊನೆಯ ಹದಿನಾರಕ್ಕೆ ಒಯ್ದಾಗ ಅಪ್ಪ-ಮಗನ ಜೋಡಿ ಊರಿನ ಹೆಮ್ಮೆ. ಮರುವರ್ಷ ಅಣ್ಣ ಜಿಮ್ಮಿಯೂ ಕಾರ್ನೆಲ್‌ನಿಂದ ಬಂದು ಸೇರಿಕೊಂಡ. ತಂಡ 16 ಗೆದ್ದು 17 ಸೋತಿತು, ಬೇಹೈಮ್‌ರ ನಲವತ್ತಾರು ವರ್ಷಗಳಲ್ಲಿ ಗೆಲುವಿಗಿಂತ ಸೋಲು ಹೆಚ್ಚಾದದ್ದು ಅದೇ ಮೊದಲು. ಆಗ ಕೋಚ್ ತನ್ನ ಮನೆಯನ್ನೇ ತಂಡ ಮಾಡಿಕೊಂಡಿದ್ದಾನೆ ಎಂಬ ಮಾತು ಹುಟ್ಟಿತು. ಬಡ್ಡಿ ಆ ಸೀಸನ್‌ನಲ್ಲಿ ತನ್ನ ಕಾನ್ಫರೆನ್ಸ್‌ನಲ್ಲೇ ಪಂದ್ಯವೊಂದಕ್ಕೆ ಅತಿ ಹೆಚ್ಚು ಅಂಕ ಗಳಿಸಿದವನು. ಅವನನ್ನು ಕೂರಿಸಿ ಯಾರನ್ನು ಆಡಿಸಬೇಕಿತ್ತು?

ನನ್ನ ವಾದಕ್ಕೆ ನಿಜವಾಗಿ ಅಡ್ಡ ನಿಲ್ಲುವವನು ಬ್ರೈಸ್ ಆಲ್ಫರ್ಡ್. ಅವನನ್ನು ದಾಟಿ ಹೋಗಲಾಗದು. 2013ರಲ್ಲಿ ಸ್ಟೀವ್ ಆಲ್ಫರ್ಡ್ ಯುಸಿಎಲ್‌ಎ ಕೋಚ್ ಆಗಿ ಲಾಸ್ ಏಂಜಲೀಸ್‌ಗೆ ಬಂದಾಗ ಮಗನೂ ಬಂದ. ಅದೇ ವರ್ಷ ಬಂದ ಇನ್ನೊಬ್ಬ ಹೊಸಬ ಝ್ಯಾಕ್ ಲವೀನ್. ಲವೀನ್ ಬೆಂಚಿನಿಂದ ಎದ್ದು ಬಂದು ಆಡಿದ, ಪಂದ್ಯಕ್ಕೆ ಒಂಬತ್ತು ಚಿಲ್ಲರೆ ಅಂಕ ಗಳಿಸಿದ, ಒಂದೇ ವರ್ಷದಲ್ಲಿ ಹೊರಟು ಎನ್‌ಬಿಎ ಡ್ರಾಫ್ಟ್‌ನಲ್ಲಿ 13ನೆಯವನಾದ. ಬ್ರೈಸ್‌ನನ್ನು ನಾಲ್ಕು ವರ್ಷ ಮುಗಿದ ಮೇಲೂ ಡ್ರಾಫ್ಟ್‌ನಲ್ಲಿ ಯಾರೂ ಆರಿಸಲಿಲ್ಲ. ಹಾಗಾದರೆ ಯಾರ ನಿಮಿಷಗಳು ಯಾರಿಗೆ ಹೋದವು ಎಂಬ ಪ್ರಶ್ನೆ ನ್ಯಾಯವಾದದ್ದು. ಬ್ರೈಸ್ ಯುಸಿಎಲ್‌ಎ ಇತಿಹಾಸದಲ್ಲೇ ಅತಿ ಹೆಚ್ಚು, 329 ಮೂರು ಅಂಕದ ಚೆಂಡು ಹಾಕಿದ. ಅವನ ಕೊನೆಯ ವರ್ಷ ತಂಡ 31 ಗೆದ್ದು 5 ಸೋತಿತು. ಇವು ಅವನ ಪರವಾಗಿ ಹೇಳಬಹುದಾದವು. ಆದರೂ ಪ್ರಶ್ನೆ ಉಳಿಯುತ್ತದೆ, ಉಳಿಯಲಿ. ನಾನು ಕೇಳುವುದು ಆ ಪ್ರಶ್ನೆಗೆ ಉತ್ತರಿಸಬೇಕಾದವರು ಯಾರು ಎಂದು. ಯಾರು ಆಡಬೇಕೆಂದು ನಿರ್ಧರಿಸಿದವರು ಸ್ಟೀವ್. ಅವರನ್ನು ನೇಮಿಸಿ, ಲಕ್ಷಾಂತರ ಡಾಲರ್ ಸಂಬಳ ಕೊಟ್ಟು, ಮಗನೂ ಬರುತ್ತಾನೆಂದು ಗೊತ್ತಿದ್ದೇ ಒಪ್ಪಿಕೊಂಡದ್ದು ವಿಶ್ವವಿದ್ಯಾಲಯ. ಗ್ಯಾಲರಿಯ ಬೈಗುಳ ಮಾತ್ರ ಹುಡುಗನ ಹೆಸರಿಗೆ ಬಂತು. ಅದಕ್ಕೂ ಹದಿನೈದು ವರ್ಷ ಹಿಂದೆ ಕೆಂಟಕಿಯಲ್ಲಿ ಟಬ್ಬಿ ಸ್ಮಿತ್ ಮಗ ಸಾಲ್‌ಗೆ ಆದದ್ದೂ ಇದೇ. ಸ್ವಂತ ಊರಿನ ಪ್ರೇಕ್ಷಕರೇ ಅವನ ಮೇಲೆ ಕೂಗಾಡಿದರು. ಸಾಲ್‌ನ ಅಣ್ಣ ಜಿ.ಜಿ. ಸ್ಮಿತ್ ಅಪ್ಪನ ತಂಡವಾದ ಜಾರ್ಜಿಯಾದಲ್ಲಿದ್ದವನು 1997ರಲ್ಲಿ ಅಪ್ಪ ಕೆಂಟಕಿಗೆ ಹೊರಟಾಗ ಹಿಂದೆ ಹೋಗಲಿಲ್ಲ, ಅಲ್ಲೇ ಉಳಿದು ಆಟ ಮುಗಿಸಿದ. ಒಂದೇ ಮನೆಯ ಇಬ್ಬರು ಹುಡುಗರು ಎರಡು ಬಗೆಯಾಗಿ ನಿರ್ಧರಿಸಿದರು. ಅಪ್ಪನ ತಂಡಕ್ಕೆ ಹೋಗುವವನಿಗೆ ಸ್ವಂತ ಬುದ್ಧಿಯಿಲ್ಲ ಎನ್ನುವವರು ಈ ಮನೆಯನ್ನು ನೋಡಬೇಕು.

ಮಾರ್ಕೆಟ್ ವಿಶ್ವವಿದ್ಯಾಲಯದ ಕೋಚ್ ಆಗಿದ್ದ ಅಲ್ ಮೆಕ್‌ಗೈರ್ ಬಗ್ಗೆ ಒಂದು ಕಥೆ ಬಹಳ ಪ್ರಚಲಿತ. 1970ರ ಸುಮಾರಿಗೆ ಅವರ ಮಗ ಆಲಿ ತಂಡದಲ್ಲಿದ್ದ. ಅವನಷ್ಟೇ ಚೆನ್ನಾಗಿ ಆಡುವ ನನ್ನನ್ನೇಕೆ ಮೊದಲ ಐವರಲ್ಲಿ ಇಳಿಸುವುದಿಲ್ಲ ಎಂದು ಒಬ್ಬ ಆಟಗಾರ ಕೇಳಿದನಂತೆ. ಇಬ್ಬರೂ ಸಮ ಎಂದಾದರೆ ಆಡುವವನು ಅವನೇ, ಯಾಕೆಂದರೆ ಅವನ ಮೇಲೆ ನನಗೆ ಪ್ರೀತಿ ಎಂದರಂತೆ ಮೆಕ್‌ಗೈರ್. ಇದನ್ನು ಕೇಳಿ ಎಲ್ಲರೂ ನಗುತ್ತಾರೆ. ನನಗೆ ಇದು ಕಾಲೇಜು ಬ್ಯಾಸ್ಕೆಟ್‌ಬಾಲ್‌ನ ಅಪರೂಪದ ಪ್ರಾಮಾಣಿಕ ಮಾತಾಗಿ ಕಾಣುತ್ತದೆ. ಎಲ್ಲ ಕೋಚ್‌ಗಳಿಗೂ ಕೆಲವರು ಇಷ್ಟ, ಕೆಲವರು ಅಷ್ಟಕ್ಕಷ್ಟೆ. ತಾನು ಹುಡುಕಿ ತಂದ ಹುಡುಗ, ತನ್ನ ಊರಿನ ಹುಡುಗ, ದೊಡ್ಡ ದಾನಿಯ ಪರಿಚಯದ ಹುಡುಗ. ಆ ಇಷ್ಟಗಳಿಗೆ ಒಂದೇ ಅಡ್ಡಹೆಸರಿಲ್ಲ, ಹಾಗಾಗಿ ಗ್ಯಾಲರಿ ಕೂಗುವುದಿಲ್ಲ. ಮಗನ ಮೇಲಿನ ಇಷ್ಟವೊಂದೇ ಬಯಲಿನಲ್ಲಿರುವುದು. ಬಯಲಿನಲ್ಲಿರುವುದಕ್ಕೆ ಕಾವಲು ಹೆಚ್ಚು. ಅಪ್ಪನೇ ಮೇಷ್ಟ್ರಾಗಿದ್ದ ಕ್ಲಾಸಿನಲ್ಲಿ ಓದಿದ ಯಾರನ್ನಾದರೂ ಕೇಳಿ, ಮೊದಲ ಏಟು ಯಾರಿಗೆ ಬೀಳುತ್ತಿತ್ತೆಂದು ಹೇಳುತ್ತಾರೆ.

ಇನ್ನು ಕೋಚ್ ಮಗನಲ್ಲದ ಹುಡುಗ ಕಾಲೇಜು ಆರಿಸಿಕೊಳ್ಳುವ ಬಗೆ ಹೇಗೆ? ಹೆಸರಾಂತ ಕೋಚ್ ಮನೆಗೆ ಬರುತ್ತಾರೆ, ಸೋಫಾದಲ್ಲಿ ಕೂರುತ್ತಾರೆ, ಅಮ್ಮ ಮಾಡಿದ್ದನ್ನು ಹೊಗಳಿ ತಿನ್ನುತ್ತಾರೆ, ನಿಮ್ಮ ಮಗನನ್ನು ನನ್ನ ಮಗನಂತೆ ನೋಡಿಕೊಳ್ಳುತ್ತೇನೆ ಎನ್ನುತ್ತಾರೆ. ಹುಡುಗ ಸಹಿ ಹಾಕುತ್ತಾನೆ. ಮರುವರ್ಷ ಇನ್ನೂ ದೊಡ್ಡ ವಿಶ್ವವಿದ್ಯಾಲಯ ಕರೆದರೆ ಕೋಚ್ ಹೊರಟು ಹೋಗುತ್ತಾರೆ. 2021ರವರೆಗೆ, ಬಿಟ್ಟುಹೋದ ಕೋಚ್ ಹೊಸ ಜಾಗದಲ್ಲಿ ತಕ್ಷಣ ಕೆಲಸ ಶುರು ಮಾಡಬಹುದಿತ್ತು. ಅವರನ್ನು ನಂಬಿ ಬಂದ ಆಟಗಾರ ಕಾಲೇಜು ಬದಲಿಸಿದರೆ ಸಾಮಾನ್ಯವಾಗಿ ಒಂದು ವರ್ಷ ಸುಮ್ಮನೆ ಕೂರಬೇಕಿತ್ತು. ಕಂಡವರ ಮಕ್ಕಳನ್ನು ಬಾವಿಗೆ ತಳ್ಳಿ ಆಳ ನೋಡುವುದೆಂದರೆ ಇದೇ. ಈ ಸುಳ್ಳು ಅಪ್ಪಂದಿರ ಸಂತೆಯಲ್ಲಿ ನಿಜವಾದ ಅಪ್ಪನನ್ನು ಆರಿಸಿಕೊಂಡ ಹುಡುಗನೊಬ್ಬನೇ ತಿಳಿದು ಸಹಿ ಹಾಕಿದವನು. ಸೋತ ರಾತ್ರಿ ಕೋಚ್ ಹೇಗಿರುತ್ತಾರೆ, ಯಾವ ಆಟಗಾರನ ಬಗ್ಗೆ ಊಟದ ಮೇಜಿನಲ್ಲಿ ಏನೆನ್ನುತ್ತಾರೆ, ಕೆಲಸ ಹೋಗುವ ಭಯ ಅವರನ್ನು ಏನು ಮಾಡುತ್ತದೆ, ಎಲ್ಲ ಅವನಿಗೆ ಗೊತ್ತು. ಹಿತ್ತಲ ಗಿಡ ಮದ್ದಲ್ಲ ಎಂದು ಅವನಿಗೆ ಹೇಳುವವರು ಆ ಹಿತ್ತಲಿಗೆ ಕಾಲಿಟ್ಟವರೇ ಅಲ್ಲ.

ಈಗಂತೂ ಟ್ರಾನ್ಸ್‌ಫರ್ ಪೋರ್ಟಲ್ ಬಂದಿದೆ. ಆಟಗಾರರು ವರ್ಷಕ್ಕೊಂದು ಕಾಲೇಜು ಬದಲಿಸುತ್ತಾರೆ, 2021ರ ಜುಲೈಯಿಂದ ತಮ್ಮ ಹೆಸರು, ಚಿತ್ರ ಬಳಸಲು ಕೊಟ್ಟು ದುಡ್ಡನ್ನೂ ಪಡೆಯುತ್ತಾರೆ. ನನಗೆ ಅದರಲ್ಲಿ ಆಕ್ಷೇಪವಿಲ್ಲ, ದುಡಿಸಿಕೊಂಡವರು ಕೊಡಲಿ. ಆದರೆ ಹಣ ಹೆಚ್ಚಿದ ಕಡೆ ಹೋದವನು ಜಾಣ, ಅಪ್ಪನಿದ್ದ ಕಡೆ ಹೋದವನು ಬೆಪ್ಪ ಎಂಬ ತೀರ್ಪು ಎಲ್ಲಿಂದ ಬಂತು? ಬಾಲ್ಡ್ವಿನ್‌ಗೆ ನಷ್ಟವೇ ಆಗಲಿಲ್ಲವೆಂದು ನಾನು ಹೇಳುವುದಿಲ್ಲ. 28ನೆಯವನಿಗೂ ಮೊದಲ ಹದಿನಾಲ್ಕರವನಿಗೂ ಸಂಬಳದಲ್ಲಿ ದೊಡ್ಡ ಅಂತರವಿದೆ. ಆದರೆ ಅವನಿಗೆ ಕೈಕೊಟ್ಟದ್ದು ಕಾಲು, ಅಪ್ಪನಲ್ಲ. ನೋವಿನ ಕಾಲು ಡ್ಯೂಕ್‌ನಲ್ಲೂ ನೋಯುತ್ತಿತ್ತು. ಮೈಕೆಲ್ ಪೋರ್ಟರ್ ಜೂನಿಯರ್ ದೊಡ್ಡ ಕಾನ್ಫರೆನ್ಸ್‌ನ ಮಿಸ್ಸೌರಿಯಲ್ಲಿ ಬೆನ್ನುನೋವಿನಿಂದ ಆಡಿದ್ದು ಮೂರೇ ಪಂದ್ಯ.

ಪೋರ್ಟರ್ ಹೆಸರು ಬಂದದ್ದು ಒಳ್ಳೆಯದಾಯಿತು, ಸಿಟ್ಟಾಗಲೇಬೇಕೆಂದಿರುವವರಿಗೆ ಸರಿಯಾದ ಜಾಗ ಅಲ್ಲಿದೆ. 2016ರಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯ ಅವನ ಅಪ್ಪನನ್ನು ಅಸಿಸ್ಟೆಂಟ್ ಕೋಚ್ ಮಾಡಿಕೊಂಡಿತು, ಮಗ ಅಲ್ಲಿಗೆ ಬರುತ್ತೇನೆಂದ. ಅಲ್ಲಿನ ಮುಖ್ಯ ಕೋಚ್ ಲೊರೆಂಝೊ ರೊಮಾರ್ ಕೆಲಸ ಕಳೆದುಕೊಂಡ ಮೇಲೆ ಮಿಸ್ಸೌರಿ ಅಪ್ಪನನ್ನು ಅಸಿಸ್ಟೆಂಟ್ ಮಾಡಿಕೊಂಡಿತು, ಮಗ ಅಲ್ಲಿಗೆ ಹೋದ. ಇದು ಹೊಸದಲ್ಲ. 1983ರಲ್ಲಿ ಕ್ಯಾನ್ಸಸ್‌ನ ಕೋಚ್ ಲ್ಯಾರಿ ಬ್ರೌನ್, ಆಗ ಟ್ರಕ್ ಓಡಿಸುತ್ತಿದ್ದ ಮಾಜಿ ಆಟಗಾರ ಎಡ್ ಮ್ಯಾನಿಂಗ್‌ಗೆ ಅಸಿಸ್ಟೆಂಟ್ ಹುದ್ದೆ ಕೊಟ್ಟರು. ಮಗ ಡ್ಯಾನಿ ಉತ್ತರ ಕೆರೊಲಿನಾದಲ್ಲಿ ಹೈಸ್ಕೂಲಿನ ಕೊನೆಯ ವರ್ಷ ಬಿಟ್ಟು ಕ್ಯಾನ್ಸಸ್‌ಗೆ ಬಂದ. 1988ರ ಫೈನಲ್‌ನಲ್ಲಿ ಡ್ಯಾನಿ 31 ಅಂಕ ಗಳಿಸಿ, 18 ರೀಬೌಂಡ್ ಹಿಡಿದು ಕಪ್ ಗೆದ್ದುಕೊಟ್ಟ ಮೇಲೆ ಟ್ರಕ್ಕಿನ ಮಾತು ತಮಾಷೆಯಾಗಿ ಉಳಿಯಿತು. ಎಡ್ ಒಳ್ಳೆಯ ಕೋಚ್ ಅಲ್ಲವೆಂದಲ್ಲ. ಬ್ರೌನ್ ಬಳಿ ಹಿಂದೆ ಆಡಿದ್ದವರೇ. ಆದರೆ ಇಲ್ಲಿ ಅಪ್ಪನ ಕೆಲಸಕ್ಕೆ ಮಗ ಬೆಲೆಯಾದ. ಇಲ್ಲಿ ಹುಡುಗ ಬೇಡವೆಂದರೆ ಮನೆಯ ಸಂಬಳವೇ ನಿಲ್ಲಬಹುದು. ಅಪ್ಪನ ತಂಡವನ್ನು ತಾನಾಗಿ ಆರಿಸಿಕೊಂಡ ಹುಡುಗನಿಗೆ ಇಲ್ಲದ ಒತ್ತಾಯ ಇದು. ಅಭಿಮಾನಿಗಳು ಇದನ್ನು ಚಾಣಾಕ್ಷ ರಿಕ್ರೂಟಿಂಗ್ ಎಂದು ಮೆಚ್ಚಿಕೊಂಡರು.

ಒತ್ತಾಯದ ಮಾತು ಪೀಟ್ ಮರಾವಿಚ್‌ಗೂ ಸಲ್ಲುತ್ತದೆ. ಅವನನ್ನು ನನ್ನ ಪರ ಎಣಿಸಿ ಇದನ್ನು ಮುಚ್ಚಿಡಲಾರೆ. ಅವನಿಗೆ ಹೋಗಬೇಕೆನಿಸಿದ್ದು ವೆಸ್ಟ್ ವರ್ಜೀನಿಯಾಕ್ಕೆ. ಲೂಸಿಯಾನಾಕ್ಕೆ ಸಹಿ ಹಾಕದಿದ್ದರೆ ಮನೆಗೆ ಕಾಲಿಡಬೇಡ ಎಂದು ಪ್ರೆಸ್ ಹೇಳಿದ ಸಂಗತಿ ಅವನ ಜೀವನಚರಿತ್ರೆಗಳಲ್ಲಿ ಬರುತ್ತದೆ. ಪಂದ್ಯಕ್ಕೆ 44.2 ಅಂಕದ ಆ ಸರಾಸರಿಯ ಹಿಂದೆ ಈ ಬೆದರಿಕೆಯೂ ಇದೆ, ಅವನಿದ್ದ ಮೂರು ವರ್ಷ ಎನ್‌ಸಿಎಎ ಟೂರ್ನಿಗೆ ಒಮ್ಮೆಯೂ ಹೋಗದ ತಂಡವೂ ಇದೆ. ಪ್ರೆಸ್ ಮಾಡಿದ್ದು ತಪ್ಪು. ಅಪ್ಪನ ತಂಡ ಸೇರು ಎಂದು ಬೆದರಿಸುವ ಅಪ್ಪನೂ, ಅಪ್ಪನ ತಂಡ ಸೇರಬೇಡ ಎಂದು ಹಂಗಿಸುವ ಗ್ಯಾಲರಿಯೂ ಹುಡುಗನ ಕೈಯಿಂದ ಕಿತ್ತುಕೊಳ್ಳುವುದು ಒಂದನ್ನೇ.

ಹಾಗಾಗಿ ಹಿತೈಷಿಗಳಿಗೆ ನಿಜಕ್ಕೂ ಕಾಳಜಿಯಿದ್ದರೆ ವಿಳಾಸ ಬದಲಿಸಲಿ. ಕೋಚ್ ನೇಮಿಸುವ ಅಥ್ಲೆಟಿಕ್ ಡೈರೆಕ್ಟರ್‌ಗಳನ್ನು ಕೇಳಲಿ: ಮಗನೋ ಮಗಳೋ ತಂಡದಲ್ಲಿದ್ದಾಗ ಆಟದ ಅವಕಾಶದ ಬಗ್ಗೆ ದೂರು ಬಂದರೆ ಕೇಳುವವರು ಯಾರು? ಬೆಂಚಿನಲ್ಲಿ ಕೂತ ಹುಡುಗ ಕೋಚ್‌ಗೆ ಹೆದರದೆ ಯಾರ ಬಾಗಿಲು ತಟ್ಟಬಹುದು? ಆಟಗಾರನೊಬ್ಬ ಸಹಿ ಹಾಕುವ ಮುಂಚಿನ ತಿಂಗಳುಗಳಲ್ಲಿ ಅವನ ಅಪ್ಪನಿಗೆ ಸಿಕ್ಕ ಕೆಲಸಕ್ಕೆ ಬೇರೆ ಎಷ್ಟು ಜನರನ್ನು ಸಂದರ್ಶನ ಮಾಡಿದ್ದೀರಿ? ಈ ಪ್ರಶ್ನೆಗಳನ್ನು ಕೇಳಿದರೆ ಪತ್ರಕರ್ತನಿಗೆ ಮುಂದಿನ ಪಂದ್ಯದ ಪಾಸು ಸಿಗದೆ ಹೋಗಬಹುದು. ಹದಿನೆಂಟರ ಹುಡುಗನನ್ನು ಹಂಗಿಸಿದರೆ ಅಂಥ ತೊಂದರೆಯೇನೂ ಇಲ್ಲ.